ಮಾರಿದ ಮೇಲೆ ಉಳಿಯುವ ಬಾಕಿ

ಮೊಬೈಲಿನಲ್ಲಿ ಫೋಟೊ ನೋಡಿ ಕುದುರಿದ ಹಳೆ ಸಾಮಾನಿನ ವ್ಯಾಪಾರ ಹಣ ಕೈಸೇರಿದ ದಿನವೇ ಮುಗಿಯುವುದಿಲ್ಲ. ಉಳಿದ ಕಂತು, ಕಾಗದಪತ್ರ, ವಾರ ಕಳೆದ ಮೇಲೆ ಕಾಣುವ ದೋಷ, ಹಳೆಯ ಮಾಲೀಕನ ಹೆಸರಿಗೆ ಬರುವ ನೋಟಿಸು, ಇವೆಲ್ಲ ಆಮೇಲಿನ ಕಥೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಬೈಕು, ಟ್ರ್ಯಾಕ್ಟರು, ಟ್ರ್ಯಾಲಿ, ಪವರ್‌ಲೂಮ್, ಮೊಬೈಲು ಕೈ ಬದಲಾಗುತ್ತವೆ. ಕೊಂಡವನೂ ಮಾರಿದವನೂ ಮೊದಲು ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಆದರೆ ಊರುಗಳು ಹತ್ತಿರ. ಮುಂದೆ ಸಂತೆಯಲ್ಲೋ ಮದುವೆಯಲ್ಲೋ ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಪಾಳಿಯಲ್ಲೋ ಮುಖ ನೋಡಬೇಕಾಗುತ್ತದೆ.

ದನದ ಸಂತೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ತಿಳಿಸುವ ದಲಾಲ ತನ್ನ ದಲಾಲಿ ತೆಗೆದುಕೊಳ್ಳುತ್ತಿದ್ದ. ಎತ್ತು ನೊಗಕ್ಕೆ ಹೂಡಿದಾಗ ಮಲಗಿಬಿಟ್ಟರೆ ಮೊದಲು ಹುಡುಕುತ್ತಿದ್ದುದೂ ಅವನನ್ನೇ. ಎರಡೂ ಕಡೆಯ ಬೈಗುಳ ಕೇಳಿ, ಒಂದಿಷ್ಟು ಬಿಡಿಸಿ, ಒಂದಿಷ್ಟು ಕೊಡಿಸಿ, ಮಾತು ಮುರಿಯದಂತೆ ನೋಡಿಕೊಳ್ಳುವುದು ಅವನ ಕೆಲಸದ ಭಾಗವಾಗಿತ್ತು. ಮೊಬೈಲು ದಲಾಲಿಯ ಖರ್ಚು ಉಳಿಸಿತು, ಆ ಕೆಲಸವನ್ನು ಮಾತ್ರ ಯಾರಿಗೂ ವಹಿಸಲಿಲ್ಲ. ಅದನ್ನೀಗ ಮಾರಿದವನೂ ಕೊಂಡವನೂ ಹಂಚಿಕೊಳ್ಳಬೇಕು. ಮಾರಾಟದ ನಂತರದ ನಡತೆ ಎಂಬುದಕ್ಕೆ ಇದೇ ಅರ್ಥ.

ಮೊದಲ ಮಾತು ಬಾಕಿ ಹಣದ್ದು. ಇಸಾರ ಕೊಟ್ಟು ವಸ್ತು ಒಯ್ದು ಉಳಿದದ್ದನ್ನು ಆಮೇಲೆ ಕೊಡುವ ರೂಢಿ ಇಲ್ಲಿ ಇನ್ನೂ ಇದೆ. ‘ಬಿಲ್ ಬಂದ ಮ್ಯಾಲೆ ಕೊಡ್ತೀನ್ರಿ ಅಣ್ಣಾರ’ ಎಂದು ಹೇಳುವ ಕಬ್ಬಿನ ರೈತ ಸುಳ್ಳು ಹೇಳುತ್ತಿರುವುದಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಿಲ್ಲು ಬರುವ ದಿನ ರೈತನ ಕೈಯಲ್ಲಿಲ್ಲ. ಹೀಗಾಗಿ ‘ಬಿಲ್ ಬಂದ ಮೇಲೆ’ ಎಂಬುದನ್ನು ಗಡುವೆಂದು ಒಪ್ಪಬಾರದು. ತಾರೀಕು, ಮೊತ್ತ, ಎಷ್ಟು ಕೊಟ್ಟಾಗಿದೆ, ಎಷ್ಟು ಉಳಿದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಫೋಟೊ ಇಟ್ಟುಕೊಳ್ಳಬೇಕು. ತಾರೀಕು ತಪ್ಪುವಂತಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುವುದು ಕೊಂಡವನ ಹೊಣೆ. ಮಾರಿದವನು ಬಾಕಿಯ ವಿಷಯವನ್ನು ಗುಂಪಿನಲ್ಲಿ ಹಾಕಿ ಮರ್ಯಾದೆ ಕಳೆಯಬಾರದು. ಹಾಗೆ ಹಾಕಿದರೆ ಹಣವೂ ಬರುವುದಿಲ್ಲ, ಮಾತೂ ನಿಲ್ಲುತ್ತದೆ. ಯುಪಿಐ ಮೂಲಕ ಬರುವ ಹಣಕ್ಕೆ ಪಿನ್ ಒತ್ತುವ ಅಗತ್ಯವಿಲ್ಲ. ಪಿನ್ ಕೇಳಿದರೆ ಅದು ಹಣ ಹೋಗುವ ವ್ಯವಹಾರ.

ಬೀಳಗಿ ತಾಲ್ಲೂಕಿನವರ ಜೊತೆಗಿನ ಚೀಟಿಯಲ್ಲಿ ವಿಳಾಸಕ್ಕೆ ವಿಶೇಷ ಗಮನ ಬೇಕು. ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡ ಊರುಗಳ ಹೆಸರಿನಲ್ಲೇ ಪುನರ್ವಸತಿ ಕೇಂದ್ರಗಳಿವೆ. ಹಳೆಯ ಊರೋ ಹೊಸ ಕೇಂದ್ರವೋ ಎಂದು ಬರೆಯದಿದ್ದರೆ ಅಂಚೆಯೂ ತಪ್ಪಬಹುದು, ಹುಡುಕಿಕೊಂಡು ಹೋದವನೂ ತಪ್ಪಬಹುದು.

ಕಾಗದಪತ್ರದ ವಿಷಯದಲ್ಲಿ ವಾಹನಗಳದ್ದೇ ದೊಡ್ಡ ಪಾಲು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗೇ ಮಾರಿದ ವಾಹನದ ವಿಷಯವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾರಾಟದ ಸೂಚನೆ ಫಾರಂ 29, ಹೆಸರು ಬದಲಾವಣೆಯ ಅರ್ಜಿ ಫಾರಂ 30. ಸಾಲವಿದ್ದರೆ ಬ್ಯಾಂಕು ಅಥವಾ ಪತ್ತಿನ ಸಂಘದ ಪತ್ರದೊಂದಿಗೆ ಫಾರಂ 35 ಕೊಟ್ಟು ನೋಂದಣಿ ಪತ್ರದಲ್ಲಿರುವ ಸಾಲದ ನಮೂದು, ಅಂದರೆ ‘ಎಚ್‌ಪಿ’, ತೆಗೆಸಬೇಕು. ಜಮಖಂಡಿಯ ಕೆಎ-48 ಇರಲಿ, ಬಾಗಲಕೋಟೆಯ ಕೆಎ-29 ಇರಲಿ, ನಿಯಮ ಒಂದೇ. ಫಾರಂಗೆ ಸಹಿ ಹಾಕಿ ಕೊಟ್ಟೆ, ಇನ್ನು ತನ್ನದೇನೂ ಇಲ್ಲ ಎಂದುಕೊಳ್ಳುವುದು ಮಾರಿದವರ ಸಾಮಾನ್ಯ ತಪ್ಪು.

ಈ ಅಂಕಣಕಾರನೂ ಅದೇ ತಪ್ಪು ಮಾಡಿದ್ದುಂಟು. 28,000 ರೂಪಾಯಿಗೆ ಹಳೆಯ ಬೈಕೊಂದನ್ನು ಮೊಬೈಲ್ ಜಾಹೀರಾತಿನ ಮೂಲಕ ಮಾರಿ, ಎರಡೂ ಫಾರಂಗಳಿಗೆ ಸಹಿ ಹಾಕಿ, ಒಂದರ ಪ್ರತಿಯನ್ನೂ ಇಟ್ಟುಕೊಳ್ಳದೆ ಕಳಿಸಿದ. ಏಳು ತಿಂಗಳ ನಂತರ ಹೆಲ್ಮೆಟ್ ಇಲ್ಲದ ಸವಾರಿಗೆ 500 ರೂಪಾಯಿಯಂತೆ ಮೂರು ದಂಡದ ಸಂದೇಶಗಳು ಅವನ ಫೋನಿಗೇ ಬಂದವು. ಕೊಂಡ ಹುಡುಗ ಅಷ್ಟರಲ್ಲಿ ಬೈಕನ್ನು ಮತ್ತೊಬ್ಬರಿಗೆ ಮಾರಿದ್ದ. ಕೇಳಿದಾಗ ಜಗಳವಾಡದೆ ಆ ಮೂರನೆಯವರ ನಂಬರು ಕೊಟ್ಟ. ನಾಲ್ಕು ಸಲ ಓಡಾಡಿದ ಮೇಲೆ ಹೆಸರು ಬದಲಾಯಿತು. 1,500 ರೂಪಾಯಿಯ ದಂಡ ದೊಡ್ಡದಲ್ಲ. ಆ ಏಳು ತಿಂಗಳಲ್ಲಿ ಅಪಘಾತವೊಂದು ಆಗಿದ್ದರೆ ಹೊರಬೇಕಾಗಿದ್ದ ಭಾರದ ಮುಂದೆ ಅದು ಏನೂ ಅಲ್ಲ.

ಆ ಭಾರ ಎಷ್ಟು ನಿಜ ಎಂಬುದಕ್ಕೆ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪೇ ಸಾಕ್ಷಿ. ಕಾರು ಹಲವು ಕೈ ದಾಟಿತ್ತು, ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಕೋರ್ಟ್ ಹೇಳಿತು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ರಸ್ತೆಗಿಳಿಯುವ, ಎರಡು ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರನ್ನು ಮಾರಿದವನು ಈ ತೀರ್ಪನ್ನು ಮರೆಯಬಾರದು. ‘ಸೀಸನ್ ಮುಗೀಲಿ, ಆಮ್ಯಾಲೆ ಹೆಸರು ಮಾಡಸ್ತೀನಿ’ ಎಂಬ ಮಾತಿಗೆ ಒಪ್ಪುವುದು ಉಪಕಾರವಲ್ಲ, ಹೆಚ್ಚು ಅಪಾಯದ ತಿಂಗಳುಗಳನ್ನೇ ತನ್ನ ಹೆಸರಿಗೆ ಬರೆದುಕೊಂಡಂತೆ. ಕೊಂಡವನು 14 ದಿನಗಳಲ್ಲಿ ವಿಮೆಯನ್ನೂ ತನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ, ಶೇ 20ರಿಂದ 50ರವರೆಗಿನ ‘ನೋ ಕ್ಲೇಮ್ ಬೋನಸ್’ ಗಾಡಿಯ ಜೊತೆ ಹೋಗುವುದಿಲ್ಲ. ಅದು ಮಾರಿದವನದು. ವಿಮಾ ಕಂಪನಿಯಿಂದ ಪ್ರಮಾಣಪತ್ರ ಪಡೆದರೆ ಮುಂದಿನ ಗಾಡಿಗೆ ಬಳಸಿಕೊಳ್ಳಬಹುದು.

ಮುಂದಿನದು, ಒಯ್ದ ಮೇಲೆ ಕಾಣುವ ದೋಷ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಮೂಲ ತತ್ವದಂತೆ, ನೋಡಿ ಪರೀಕ್ಷಿಸಿ ಕೊಳ್ಳುವ ಎಚ್ಚರ ಕೊಳ್ಳುವವನದು. ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿಟ್ಟರೆ ಅದು 1872ರ ಕರಾರು ಕಾಯ್ದೆಯಲ್ಲಿ ವಂಚನೆ. ಇವೆರಡರ ನಡುವೆ, ಯಾರಿಗೂ ಗೊತ್ತಿಲ್ಲದ ದೋಷದ ಜಾಗದಲ್ಲಿ, ಕಾನೂನಿಗಿಂತ ನಡತೆಯೇ ಹೆಚ್ಚು ಕೆಲಸ ಮಾಡುತ್ತದೆ. ಬನಹಟ್ಟಿಯಿಂದ 7,000 ರೂಪಾಯಿಗೆ ತಂದ ಹಳೆಯ ಫ್ರಿಜ್ ಎಂಟನೆಯ ದಿನ ತಂಪು ಮಾಡುವುದನ್ನು ನಿಲ್ಲಿಸಿದಾಗ ಅಂಕಣಕಾರನ ಮನೆಯವರು ಹಣ ವಾಪಸ್ ಕೇಳಲಿಲ್ಲ. ರಿಪೇರಿಯವನ ಬಿಲ್ಲಿನ ಫೋಟೊ ಕಳಿಸಿ ವಿಷಯ ತಿಳಿಸಿದರು. ಮಾರಿದ ನೇಕಾರ ಮನೆತನದ ಹಿರಿಯರು 1,800 ರೂಪಾಯಿಯ ಬಿಲ್ಲಿನಲ್ಲಿ 900 ತಾವಾಗಿಯೇ ಕಳಿಸಿದರು. ‘ನಮ್ಮನ್ಯಾಗ ಇದ್ದಾಗ ಕೆಟ್ಟಿದ್ರ ನಾವ ಪೂರಾ ಕೊಡಬೇಕಿತ್ತಲ್ಲರಿ’ ಎಂಬುದು ಅವರ ಲೆಕ್ಕ. ಈ ಲೆಕ್ಕ ಉತ್ತಮ ಮಾದರಿ. ಹತ್ತು ಹದಿನೈದು ದಿನಗಳೊಳಗೆ ಕಂಡ ದೋಷದ ಖರ್ಚನ್ನು ಹಂಚಿಕೊಳ್ಳುವುದು, ಅದರಾಚೆಗಿನದನ್ನು ಕೊಂಡವನೇ ಹೊರುವುದು ಇಬ್ಬರಿಗೂ ನ್ಯಾಯ. ಬಿಚ್ಚಿ ಸಾಗಿಸುವ ಪವರ್‌ಲೂಮ್‌ಗೆ ಈ ಮಾತು ಇನ್ನೂ ಮುಖ್ಯ. ಮಗ್ಗವನ್ನು ಹೊಸ ಜಾಗದಲ್ಲಿ ಮತ್ತೆ ಜೋಡಿಸುವ ಮೇಸ್ತ್ರಿಯ ಕೂಲಿ ಯಾರದು, ದಾರಿಯಲ್ಲಿ ಭಾಗ ಮುರಿದರೆ ಯಾರದು ಎಂಬುದು ಲಾರಿ ಹತ್ತಿಸುವ ಮೊದಲೇ ತೀರ್ಮಾನವಾಗಬೇಕು. ಮಾರಿದವನು ಮೊದಲ ದಿನ ಬಂದು ನಿಂತು ಒಂದು ಗಜ ಬಟ್ಟೆ ನೇಯ್ದು ತೋರಿಸಿದರೆ ಮುಂದಿನ ಎಷ್ಟೋ ಫೋನ್ ಕರೆಗಳು ಉಳಿಯುತ್ತವೆ.

ಮೊಬೈಲು ಮಾರಿದವನು ಗೂಗಲ್ ಖಾತೆ ತೆಗೆದು, ಸಿಮ್ಮು, ಮೆಮೊರಿ ಕಾರ್ಡು ಬಿಡಿಸಿ, ಪೂರ್ತಿ ಅಳಿಸಿ, ಬಿಲ್ಲಿನೊಂದಿಗೆ ಕೊಡಬೇಕು. ಖಾತೆ ತೆಗೆಯದೆ ಅಳಿಸಿದ ಫೋನು ಹಳೆಯ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ. ಆಗ ಬರುವ ಕರೆಗೆ ಉತ್ತರಿಸುವುದು ಮಾರಿದವನ ಕರ್ತವ್ಯ. ಫೋನಿನಲ್ಲಿ ಮರೆತುಹೋದ ಮನೆಯವರ ಫೋಟೊ ಕಂಡರೆ ಕೊಂಡವನು ತಿಳಿಸಿ ಅಳಿಸಬೇಕು, ತೆರೆದು ನೋಡುತ್ತಾ ಕೂರಬಾರದು. *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸುವುದು ಕೊಳ್ಳುವ ಮೊದಲಿನ ಕೆಲಸ.

ವಸ್ತು ಹೋದ ದಿನವೇ ಜಾಹೀರಾತು ತೆಗೆದು, ವಿಚಾರಿಸಿದ್ದ ಉಳಿದವರಿಗೆ ‘ಹೋಯ್ತರಿ’ ಎಂದು ಒಂದು ಸಾಲು ಕಳಿಸಬೇಕು. ಮುಧೋಳದಿಂದ ಬಾಡಿಗೆ ಗಾಡಿ ಮಾಡಿಕೊಂಡು ಬಂದು ಬರಿಗೈಯಲ್ಲಿ ಮರಳುವವನ ಖರ್ಚನ್ನು ಆ ಒಂದು ಸಾಲು ತಪ್ಪಿಸುತ್ತದೆ. ಕೊಂಡವನು ಅದೇ ವಸ್ತುವನ್ನು ಹೆಚ್ಚಿನ ದರಕ್ಕೆ ಮಾರಿದರೆ ಹಳೆಯ ಮಾಲೀಕನಿಗೆ ಅದರಲ್ಲಿ ಪಾಲಿಲ್ಲ, ಕೊರಗುವ ಕಾರಣವೂ ಇಲ್ಲ. ಆದರೆ ಅದು ವಾಹನವಾಗಿದ್ದರೆ ಮೊದಲು ತನ್ನ ಹೆಸರಿಗೆ ಮಾಡಿಸಿಕೊಂಡೇ ಮುಂದೆ ಮಾರಬೇಕು. ಹೊಸ ಹೆಸರಿನ ಆರ್‌ಸಿ ಬಂದ ದಿನ ಅದರ ಫೋಟೊವನ್ನು ಮಾರಿದವನಿಗೆ ಕಳಿಸಬೇಕು. ಅಲ್ಲಿಯವರೆಗೆ ಇಬ್ಬರೂ ಒಬ್ಬರ ನಂಬರನ್ನು ಇನ್ನೊಬ್ಬರು ಅಳಿಸುವಂತಿಲ್ಲ.