ಇಂದಿನ ಧಮ್ಮ ಚಿಂತನೆ: ಹಳೆಯ ಸೀರೆ ಮತ್ತು ಐನೂರು ಚೀವರ

ಓಣಿಯಲ್ಲಿ ಭಾಂಡೆ ಮಾರುವವರು ಬಂದರೆ ನಾವು ಹಳೆಯ ಸೀರೆಗಳ ಗಂಟು ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತೇವೆ. ಹಿಂದೆ ಅದೇ ಸೀರೆ ಕೌದಿಯಾಗುತ್ತಿತ್ತು. ಈಗ ಹೊದಿಯಲು ಅಂಗಡಿಯ ಚಾದರ, ಅದು ಹರಿದರೆ ಇನ್ನೊಂದು. ಫೋನು, ಮಿಕ್ಸರ್, ಚಪ್ಪಲಿ ಎಲ್ಲವೂ ಹೀಗೆಯೇ ಆಗಿವೆ.

ಆದರೆ "ಹಳೆಯದನ್ನೇ ಬಳಸಿರಿ" ಎಂದು ನಮ್ಮ ಮನೆಗಳಲ್ಲಿ ಹೇಳಿದರೆ ಒಂದು ಪ್ರಶ್ನೆ ಏಳುತ್ತದೆ: "ನಮ್ಮ ಹಿರಿಯರು ಬ್ಯಾರೆಯವರು ಉಟ್ಟು ಬಿಟ್ಟ ಬಟ್ಟಿ ಉಟ್ಟೇ ಬಾಳ್ವೆ ಮಾಡಿದ್ರು. ಈಗ ನಮ್ಮ ಮಕ್ಕಳು ದುಡೀತಾರ. ಹೊಸಾದ ತಂದ್ರ ತಪ್ಪೇನ್ರಿ?"

ಈ ಪ್ರಶ್ನೆ ನ್ಯಾಯವಾದದ್ದು. ಮನುಸ್ಮೃತಿಯ 10ನೆಯ ಅಧ್ಯಾಯವು ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆಯಲ್ಲಿ ಊಟ, ಕಬ್ಬಿಣದ ಒಡವೆ ಎಂದು ಕಟ್ಟಳೆ ಮಾಡಿದೆ. ಹರಕು ಬಟ್ಟೆ ನಮಗೆ ಬರಿಯ ಬಡತನವಾಗಿರಲಿಲ್ಲ, ಜಾತಿಯ ಗುರುತಾಗಿತ್ತು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ಮುಂದಾಳತ್ವದಲ್ಲಿ ಮಹಾಡದಲ್ಲಿ ಆ ಗ್ರಂಥವನ್ನು ಸುಟ್ಟರು. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಎರಡು ಮಾತು ಹೇಳಿದರು: ಅಸ್ಪೃಶ್ಯತೆಯ ಗುರುತು ತೋರಿಸುವ ಉಡುಗೆ-ತೊಡುಗೆ ಬಿಡಿರಿ; ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಅದು ಸ್ವಚ್ಛವಾಗಿರಲಿ. ಮೊದಲನೆಯ ಮಾತನ್ನು ನಾವು ನೆನಪಿಟ್ಟೆವು, ಎರಡನೆಯದನ್ನು ಮರೆಯುತ್ತಿದ್ದೇವೆ.

ಭಗವಾನ್ ಬುದ್ಧರೂ ಭಿಕ್ಖುಗಳೂ ಮೊದಲು ಸ್ಮಶಾನದಲ್ಲಿ, ಕಸದಲ್ಲಿ ಬಿಸಾಡಿದ ಬಟ್ಟೆ ಆಯ್ದು, ತೊಳೆದು, ಹೊಲಿದು ಉಡುತ್ತಿದ್ದರು. ಅದಕ್ಕೆ ಪಾಂಸುಕೂಲ ಎಂದು ಹೆಸರು. ವೈದ್ಯ ಜೀವಕ ಒಳ್ಳೆಯ ಬಟ್ಟೆ ದಾನ ಕೊಟ್ಟಾಗ ಭಗವಾನರು, ಬೇಕಾದವರು ಪಾಂಸುಕೂಲ ಉಡಲಿ, ಬೇಕಾದವರು ಗೃಹಸ್ಥರು ಕೊಟ್ಟ ಚೀವರ ಸ್ವೀಕರಿಸಲಿ ಎಂದರು. ಮನು ಹೇರಿದ್ದೂ ಸ್ಮಶಾನದ ಬಟ್ಟೆ, ಭಿಕ್ಖು ಉಟ್ಟದ್ದೂ ಸ್ಮಶಾನದ ಬಟ್ಟೆ. ಒಂದರಲ್ಲಿ ಬಲವಂತ ಇತ್ತು, ಇನ್ನೊಂದರಲ್ಲಿ ಸ್ವಂತ ಇಚ್ಛೆ ಇತ್ತು.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಭಗವಾನರ ಪರಿನಿಬ್ಬಾಣದ ನಂತರ ಆನಂದರು ಕೋಸಂಬಿಗೆ ಹೋದರು. ಅವರ ಧಮ್ಮೋಪದೇಶ ಕೇಳಿದ ಉದೇನ ರಾಜನ ರಾಣಿಯರು ಐನೂರು ಚೀವರ ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು. ಈ ಶ್ರಮಣನೇನು ಬಟ್ಟೆ ವ್ಯಾಪಾರ ಮಾಡುತ್ತಾನೆಯೇ ಎಂದು ಯೋಚಿಸಿ, ನೇರವಾಗಿ ಆನಂದರನ್ನೇ ಕೇಳಿದನು.

ಆನಂದರ ಉತ್ತರ ಹೀಗಿತ್ತು: ಚೀವರ ಸವೆದ ಭಿಕ್ಖುಗಳಿಗೆ ಹಂಚುತ್ತೇವೆ. ಅವರ ಹಳೆಯ ಚೀವರ ಹಾಸಿಗೆಯ ಹೊದಿಕೆಯಾಗುತ್ತದೆ. ಹಳೆಯ ಹೊದಿಕೆ ಗಾದಿಯ ಗವಸಾಗುತ್ತದೆ. ಹಳೆಯ ಗವಸು ನೆಲಹಾಸಾಗುತ್ತದೆ. ಹಳೆಯ ನೆಲಹಾಸು ಕಾಲೊರಸು, ಹಳೆಯ ಕಾಲೊರಸು ಧೂಳೊರಸುವ ಅರಿವೆ. ಅದೂ ಚಿಂದಿಯಾದಾಗ ಕುಟ್ಟಿ, ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಮೆಚ್ಚಿ ಇನ್ನೂ ಐನೂರು ಚೀವರ ಕೊಟ್ಟನು.

ಇಲ್ಲಿ ಗಮನಿಸಿರಿ. ಆನಂದರು ಹೊಸ ಬಟ್ಟೆ ಬೇಡ ಎನ್ನಲಿಲ್ಲ. ಸ್ವೀಕರಿಸಿದರು, ಅಗತ್ಯ ಇದ್ದವರಿಗೆ ಕೊಟ್ಟರು, ಹಳೆಯದನ್ನು ವ್ಯರ್ಥ ಮಾಡಲಿಲ್ಲ. ನಮ್ಮ ಅಜ್ಜಿಯರ ಕೌದಿಯೂ ಇದೇ ಪಾಠ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಒಂದೊಂದು ಎಳೆ ಕೂಡಿಸಿ ಸೀರೆ ನೇಯುವವರ ದುಡಿಮೆಗೆ ಅದು ಕೊಡುವ ಗೌರವವೂ ಹೌದು.

ಗೃಹಸ್ಥರಿಗೆ ಭಗವಾನರು ಜಿಪುಣತನ ಕಲಿಸಲಿಲ್ಲ. ಕೋಲಿಯರ ದೀಘಜಾಣುವಿಗೆ ಹೇಳಿದ್ದು ಸಮಜೀವಿತ: ಆದಾಯ ತಿಳಿದು ಖರ್ಚು ಮಾಡುವುದು. ಕಡಿಮೆ ಗಳಿಸಿ ದೊಡ್ಡ ಖರ್ಚು ಮಾಡುವವನು ಅತ್ತಿಹಣ್ಣಿಗಾಗಿ ಇಡೀ ಮರ ಅಲುಗಿಸಿದವನಂತೆ. ತಿನ್ನುವುದು ನಾಲ್ಕು, ನೆಲಕ್ಕೆ ಬೀಳುವುದು ರಾಶಿ. ಬಹಳ ಗಳಿಸಿಯೂ ಉಪವಾಸ ಬಾಳುವವನನ್ನೂ ಅವರು ಒಪ್ಪಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡಿದರು: ಒಂದು ಅನುಭೋಗಕ್ಕೆ, ಎರಡು ಉದ್ಯೋಗಕ್ಕೆ, ಒಂದು ಆಪತ್ಕಾಲಕ್ಕೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡ ನಮಗೆ ಆ ನಾಲ್ಕನೆಯ ಪಾಲು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮಗಳಿಗೆ ಶಾಲೆಯ ಹೊಸ ಸಮವಸ್ತ್ರ, ಪುಸ್ತಕ, ಧಮ್ಮಚಕ್ರ ಪ್ರವರ್ತನ ದಿನಕ್ಕೆ ಶುಭ್ರ ಬಿಳಿ ಬಟ್ಟೆ ಸಂತೋಷದಿಂದ ಕೊಳ್ಳಿರಿ. ಆದರೆ ಬಾಜೂ ಮನೆಯವರು ನೋಡಲಿ ಎಂದು ವಾರದ ಕಂತಿನ ಮೇಲೆ ತಂದ ವಸ್ತು ಸ್ವಾಭಿಮಾನ ತರುವುದಿಲ್ಲ. ಕಂತು ಕೇಳುವವರು ಬಾಗಿಲಿಗೆ ಬಂದಾಗ ತಲೆ ತಗ್ಗಿಸುವವರು ಮತ್ತೆ ನಾವೇ.

*ಇಂದಿನ ಅಭ್ಯಾಸ:* ಮನೆಯಲ್ಲಿ ಬಿಸಾಡಲು ಇಟ್ಟ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಿಕೊಳ್ಳಿರಿ: ಇದು ರಿಪೇರಿ ಆಗುತ್ತದೆಯೇ? ಬೇರೆ ಏನಾದರೂ ಆಗುತ್ತದೆಯೇ? ಯಾರಿಗಾದರೂ ಕೊಡುವುದಾದರೆ, ನಾನು ಉಡುವಷ್ಟು ಸ್ವಚ್ಛವಾಗಿದೆಯೇ? ಉಳಿದ ಹಣವನ್ನು ಮಕ್ಕಳ ಓದಿಗೆ ತೆಗೆದಿಡಿರಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.