ರಕ್ತದಲ್ಲಿ ಔಷಧದ ಪ್ರಮಾಣ ಮತ್ತು ಎಚ್.ಐ.ವಿ. ಚಿಕಿತ್ಸೆ

ಬೆಂಗಳೂರು ದಂಡು ಪ್ರದೇಶದ ಶಿವಾಜಿನಗರದಲ್ಲಿರುವ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯು ಒಂದು ಶತಮಾನಕ್ಕೂ ಮೀರಿ ಬಡಬಗ್ಗರ ಆಶ್ರಯವಾಗಿದೆ. ಭಾರತ ಸರ್ಕಾರವು 2004ರ ಏಪ್ರಿಲ್ 1ರಂದು ಎಚ್.ಐ.ವಿ. ಸೋಂಕಿತರಿಗೆ ಉಚಿತ ಔಷಧ ಯೋಜನೆಯನ್ನು ಆರಂಭಿಸಿತು. ಈ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರವೂ ಆ ಯೋಜನೆಯ ಅಂಗವಾಗಿದೆ. ಆದರೆ ಗುಳಿಗೆ ಕೈಸೇರಿದ ಮಾತ್ರಕ್ಕೆ ಚಿಕಿತ್ಸೆ ಸಫಲವಾಗದು. ಔಷಧವು ರಕ್ತದಲ್ಲಿ ತಕ್ಕ ಪ್ರಮಾಣದಲ್ಲಿ ಎಡೆಬಿಡದೆ ಉಳಿದಿರಬೇಕು.

ಚಿಕಿತ್ಸೆಯಿಲ್ಲದ ಶರೀರದಲ್ಲಿ ಈ ವೈರಾಣುವು ದಿನವೊಂದಕ್ಕೆ ನೂರಾರು ಕೋಟಿ ಪ್ರತಿಗಳನ್ನು ಹುಟ್ಟಿಸುತ್ತದೆ. ನಕಲು ಮಾಡುವ ಅದರ ಕಿಣ್ವಕ್ಕೆ ತಪ್ಪನ್ನು ತಿದ್ದುವ ಶಕ್ತಿಯಿಲ್ಲ. ಆದುದರಿಂದ ಮೂಲಕ್ಕಿಂತ ಭಿನ್ನವಾದ ವೈರಾಣುಗಳು ಸದಾ ಹುಟ್ಟುತ್ತಿರುತ್ತವೆ. ಔಷಧವು ರಕ್ತದಲ್ಲಿ ಸಾಕಷ್ಟಿರುವಾಗ ವೈರಾಣುವಿನ ವೃದ್ಧಿಯೇ ನಿಲ್ಲುತ್ತದೆ. ಔಷಧ ಲೇಶವೂ ಇಲ್ಲದಿರುವಾಗ ರೋಗ ಬೆಳೆಯುತ್ತದೆ. ಆದರೆ ಭಿನ್ನ ವೈರಾಣುಗಳಿಗೆ ವಿಶೇಷ ಅನುಕೂಲವಿರುವುದಿಲ್ಲ. ಇವೆರಡರ ನಡುವಣ ಅರೆಬರೆ ಸ್ಥಿತಿಯೇ ಹೆಚ್ಚು ಅಪಾಯಕರ. ಆಗ ಔಷಧವು ಮೂಲ ವೈರಾಣುವನ್ನು ತಡೆದು, ತನ್ನನ್ನು ಎದುರಿಸಬಲ್ಲ ವೈರಾಣುವಿಗೆ ದಾರಿ ಬಿಟ್ಟುಕೊಡುತ್ತದೆ. ಇದೇ ಔಷಧ ನಿರೋಧ.

ಈ ಕಾರಣದಿಂದಲೇ ಮೂರು ಔಷಧಗಳನ್ನು ಒಟ್ಟಿಗೆ ನೀಡುವರು. ಒಂದನ್ನು ಮೀರಿದ ವೈರಾಣುವನ್ನು ಉಳಿದೆರಡು ತಡೆಯುತ್ತವೆ. ಆದರೆ ಗುಳಿಗೆ ನಿಲ್ಲಿಸಿದಾಗ ಮೂರೂ ಒಂದೇ ವೇಗದಲ್ಲಿ ಇಳಿಯವು. ಹಿಂದೆ ವ್ಯಾಪಕವಾಗಿ ಬಳಕೆಯಲ್ಲಿದ್ದ ಎಫವಿರೆಂಜ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ದಿನ ಬೇಕು. ಲ್ಯಾಮಿವುಡಿನ್‌ಗೆ ಕೆಲವೇ ಗಂಟೆಗಳು ಸಾಕು. ಹೀಗೆ ಒಂಟಿಯಾಗಿ ಉಳಿದ ಎಫವಿರೆಂಜನ್ನು ಸೋಲಿಸಲು ವೈರಾಣುವಿನಲ್ಲಿ ಒಂದೇ ಒಂದು ಬದಲಾವಣೆ ಸಾಕಾಗುತ್ತಿತ್ತು.

ಇಂದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಕೂಡಿದ ಒಂದೇ ಗುಳಿಗೆಯನ್ನು ದಿನಕ್ಕೊಮ್ಮೆ ನೀಡಲಾಗುತ್ತದೆ. ಡೊಲುಟೆಗ್ರಾವಿರ್‌ಗೆ ನಿರೋಧವು ಸುಲಭವಾಗಿ ಹುಟ್ಟದು. ಆದರೂ ಕ್ಷಯರೋಗದ ಔಷಧವಾದ ರಿಫಾಂಪಿಸಿನ್ ರಕ್ತದಲ್ಲಿ ಅದರ ಪ್ರಮಾಣವನ್ನು ತಗ್ಗಿಸುವುದರಿಂದ, ಅಂಥ ರೋಗಿಗಳಿಗೆ ಅದನ್ನು 50 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ ಕೊಡಬೇಕಾಗುತ್ತದೆ. ಹೊಟ್ಟೆಯುರಿಗೆ ಸೇವಿಸುವ ಆಂಟಾಸಿಡ್ ಕೂಡ ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಆದುದರಿಂದ ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಈ ಗುಳಿಗೆಯನ್ನು ಸೇವಿಸತಕ್ಕದ್ದು.

ಗುಳಿಗೆ ತಪ್ಪಲು ಮರೆವೊಂದೇ ಕಾರಣವಲ್ಲ. ದಕ್ಷಿಣ ಭಾರತದ 631 ರೋಗಿಗಳನ್ನು ಕುರಿತು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಬೈಲ್ ಮೂಲಕ ನೆನಪಿಸಿದ್ದರಿಂದ ಚಿಕಿತ್ಸೆಯ ಫಲ ಹೆಚ್ಚಿದುದು ಕಂಡುಬರಲಿಲ್ಲ. ಹಲಸೂರಿನ ವಠಾರದಲ್ಲಾಗಲಿ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಾಗಲಿ, ನೆರೆಯವರ ಕಣ್ಣಿಗೆ ಬೀಳದಂತೆ ಗುಳಿಗೆಯ ಡಬ್ಬಿಯನ್ನು ಬಚ್ಚಿಡಬೇಕಾದವನಿಗೆ ಹೊತ್ತು ತಪ್ಪುವುದು ಸಹಜ. ಸಮಾಜದ ತಿರಸ್ಕಾರವು ಹೀಗೆ ರಕ್ತದಲ್ಲಿಯ ಔಷಧದ ಪ್ರಮಾಣವನ್ನೂ ತಗ್ಗಿಸಬಲ್ಲದು.

2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಸೋಂಕಿತರ ವಿರುದ್ಧ ಭೇದಭಾವವನ್ನು ನಿಷೇಧಿಸಿದೆ. ತರಗತಿಯಲ್ಲಿ ಅಂಥ ಮಗುವನ್ನು ಇತರರೊಡನೆ ಸಮನಾಗಿ ಕೂಡಿಸುವ ಉಪಾಧ್ಯಾಯರೂ, ಕೆಲಸಗಾರನಿಗೆ ಆಸ್ಪತ್ರೆಯ ದಿನದಂದು ರಜೆ ಕೊಡುವ ಯಜಮಾನರೂ ಈ ಚಿಕಿತ್ಸೆಯಲ್ಲಿ ಪಾಲುಗಾರರೇ ಸರಿ.