ಯುದ್ಧ ಮುಗಿಯಿತು, ವಿಷ ಉಳಿಯಿತು



ಯುದ್ಧ ನಿಂತ ಮೇಲೆ ಜನ ಮತ್ತೆ ಮನೆ ಕಟ್ಟುತ್ತಾರೆ, ಹೊಲ ಉಳುತ್ತಾರೆ. ಆದರೆ ಯುದ್ಧದಲ್ಲಿ ಬಳಸಿದ ಕೆಲವು ರಾಸಾಯನಿಕಗಳು ಮಣ್ಣಿನಲ್ಲೇ ಉಳಿದು, ಯುದ್ಧವನ್ನೇ ನೋಡದ ಮಕ್ಕಳನ್ನೂ ಕಾಡುತ್ತವೆ. ವಿಯೆಟ್ನಾಂ ದೇಶದಲ್ಲಿ ಹೀಗೇ ಆಯಿತು.

ಕಾಡಿನ ಮೇಲೆ ವಿಷದ ಮಳೆ

ಆಗ್ನೇಯ ಏಷ್ಯಾದ ವಿಯೆಟ್ನಾಂನಲ್ಲಿ 1975ರವರೆಗೆ ದೀರ್ಘ ಯುದ್ಧ ನಡೆಯಿತು. ಎದುರಾಳಿ ಸೈನಿಕರು ದಟ್ಟ ಕಾಡಿನಲ್ಲಿ ಅಡಗುತ್ತಿದ್ದರು. ಅವರಿಗೆ ಮರೆಯೂ ಆಹಾರವೂ ಸಿಗದಂತೆ ಮಾಡಲು ಅಮೆರಿಕದ ಸೇನೆ 1962ರಿಂದ 1971ರವರೆಗೆ ವಿಮಾನಗಳಿಂದ ಸಸ್ಯನಾಶಕಗಳನ್ನು ಸಿಂಪಡಿಸಿತು. ಒಟ್ಟು 7 ಕೋಟಿ ಲೀಟರಿಗೂ ಹೆಚ್ಚು! ಮರಗಳು ಬೋಳಾದವು, ಬೆಳೆಗಳು ಒಣಗಿದವು. ಕೆಳಗೆ ಹಳ್ಳಿಗಳೂ ಇದ್ದವು.

ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 'ಏಜೆಂಟ್ ಆರೆಂಜ್'. ಪೀಪಾಯಿಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದ್ದುದರಿಂದ ಈ ಹೆಸರು ಬಂತು. ಇದು ಎರಡು ಕಳೆನಾಶಕಗಳ ಮಿಶ್ರಣ. ಅವುಗಳಲ್ಲಿ ಒಂದನ್ನು ತಯಾರಿಸುವಾಗ ಬೇಡದ ವಸ್ತುವೊಂದು ಅತಿ ಸ್ವಲ್ಪ ಪ್ರಮಾಣದಲ್ಲಿ ಉಂಟಾಗುತ್ತಿತ್ತು. ಅದೇ ಡಯಾಕ್ಸಿನ್ ಎಂಬ ಘೋರ ವಿಷ.

ಮಳೆ ಬಂದರೂ ಏಕೆ ತೊಳೆದುಹೋಗಲಿಲ್ಲ?

ಸಾರಿನ ಮೇಲೆ ತೇಲುವ ಎಣ್ಣೆ ಕೆಂಪಗಿರುವುದನ್ನು ನೋಡಿದ್ದೀರಲ್ಲವೆ? ಮೆಣಸಿನಕಾಯಿಯ ಕೆಂಪು ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಡಯಾಕ್ಸಿನ್ ಕೂಡ ಹಾಗೆಯೇ. ಅದು ನೀರಿನಲ್ಲಿ ಕರಗಿ ಹರಿದುಹೋಗುವುದಿಲ್ಲ. ಮಣ್ಣಿಗೆ, ಕೆರೆಯ ಕೆಸರಿಗೆ ಅಂಟಿಕೊಳ್ಳುತ್ತದೆ. ಪ್ರಾಣಿಗಳ ದೇಹ ಸೇರಿದರೆ ಕೊಬ್ಬಿನಲ್ಲಿ ಶೇಖರವಾಗುತ್ತದೆ.

ಆಹಾರ ಸರಪಳಿಯ ಪಾಠ ನೆನಪಿಸಿಕೊಳ್ಳಿ. ಕೆಸರಿನಿಂದ ಹುಳುಗಳಿಗೆ, ಹುಳುಗಳಿಂದ ಮೀನು, ಬಾತುಕೋಳಿಗಳಿಗೆ, ಅವುಗಳಿಂದ ಮನುಷ್ಯರಿಗೆ ವಿಷ ಸಾಗುತ್ತದೆ. ತಾಯಿಯ ಹಾಲಿನ ಮೂಲಕ ಹಸುಗೂಸಿಗೂ ತಲುಪುತ್ತದೆ.

ಒಂದು ಲೆಕ್ಕ

ನಮ್ಮ ದೇಹದೊಳಗಿನ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು. 8 ವರ್ಷ ಎಂದಿಟ್ಟುಕೊಳ್ಳೋಣ. ಮೊದಲು 16 ಪಾಲು ಇದ್ದರೆ 8 ವರ್ಷಗಳ ನಂತರ 8 ಪಾಲು, 16 ವರ್ಷಗಳ ನಂತರ 4 ಪಾಲು, 24 ವರ್ಷಗಳ ನಂತರವೂ 2 ಪಾಲು ಉಳಿದಿರುತ್ತದೆ!

ಆರೋಗ್ಯಕ್ಕೆ ಏನಾಗುತ್ತದೆ?

ಡಯಾಕ್ಸಿನ್ ಹೆಚ್ಚಾದರೆ ಚರ್ಮದ ಮೇಲೆ ಮೊಡವೆಯಂತಹ ಗುಳ್ಳೆಗಳೇಳುತ್ತವೆ. ಇದು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಘೋಷಿಸಿತು. ವಿಷ ಸಿಂಪಡಿಸಿದ ಪ್ರದೇಶಗಳಲ್ಲಿ ಅನೇಕ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದರು. ಅದಕ್ಕೆ ಈ ವಿಷವೇ ಕಾರಣವೆಂದು ವಿಯೆಟ್ನಾಂ ಹೇಳುತ್ತದೆ. ಎಷ್ಟು ಮಕ್ಕಳಿಗೆ ಇದರಿಂದ ಹಾನಿಯಾಯಿತು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ. ಈ ರಾಸಾಯನಿಕದ ಸಂಪರ್ಕಕ್ಕೆ ಬಂದ ಅಮೆರಿಕದ ಸೈನಿಕರೂ ರೋಗಿಗಳಾದರು.

ಮಣ್ಣಿಗೆ ಚಿಕಿತ್ಸೆ

ಪೀಪಾಯಿಗಳನ್ನು ಇಟ್ಟಿದ್ದ ವಿಮಾನ ನೆಲೆಗಳಲ್ಲಿ ವಿಷ ಅತಿ ಹೆಚ್ಚು ಉಳಿದಿತ್ತು. ಡಾ ನಾಂಗ್ ನೆಲೆಯಲ್ಲಿ 2012ರಿಂದ 2018ರವರೆಗೆ ಎರಡೂ ದೇಶಗಳು ಸೇರಿ ಶುದ್ಧೀಕರಣ ನಡೆಸಿದವು. ಮಣ್ಣನ್ನು ಅಗೆದು ರಾಶಿ ಹಾಕಿ, 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ ಡಯಾಕ್ಸಿನ್ ನಾಶಮಾಡಿದರು. ಇನ್ನೂ ದೊಡ್ಡದಾದ ಬಿಯೆನ್ ಹೋವಾ ನೆಲೆಯ ಕೆಲಸ 2019ರಲ್ಲಿ ಆರಂಭವಾಯಿತು. ವಿಷ ಸುರಿಯಲು ಹತ್ತು ವರ್ಷ ಸಾಕಾಯಿತು. ತೆಗೆಯಲು ಐವತ್ತು ವರ್ಷವೂ ಸಾಲಲಿಲ್ಲ.

ಯೋಚಿಸಿ, ಉತ್ತರಿಸಿ

1. ಮೇಲಿನ ಲೆಕ್ಕದಂತೆ 40 ವರ್ಷಗಳ ನಂತರ ಎಷ್ಟು ಪಾಲು ಉಳಿಯುತ್ತದೆ?
2. ವಿಷಪೂರಿತ ಕೆರೆಯ ನೀರು ತಿಳಿಯಾಗಿ ಕಂಡರೂ ಅದರ ಮೀನು ತಿನ್ನಬಾರದು. ಏಕೆ?
3. ಯುದ್ಧ ಮಾಡದವರೂ ಯುದ್ಧದ ನೋವು ಅನುಭವಿಸುವುದು ಸರಿಯೆ? ತರಗತಿಯಲ್ಲಿ ಚರ್ಚಿಸಿ.